ಡೆಲ್ಬರ್ಟ್ ಹಾಕುವ ಸಹಿ

ಬೆಳಕು ಹರಿಯುವ ಮುನ್ನವೇ ಡೆಲ್ಬರ್ಟ್ ಚರ್ಚಿನ ನೆಲಮಾಳಿಗೆಯ ಬಾಗಿಲು ತೆಗೆದು, ಮೆಟ್ಟಿಲ ಮೇಲೆ ಗಟ್ಟಿಯಾದ ಹಿಮಕ್ಕೆ ಉಪ್ಪು ಎರಚುತ್ತಾರೆ. ದೊಡ್ಡ ಪಾತ್ರೆಯಲ್ಲಿ ಕಾಫಿ ಇಡುತ್ತಾರೆ. ಮಡಚುವ ಕುರ್ಚಿಗಳನ್ನು ದುಂಡಗೆ ಜೋಡಿಸಿ, ತಾವು ಮಾತ್ರ ಬಾಗಿಲ ಪಕ್ಕ ನಿಲ್ಲುತ್ತಾರೆ. ಯಾರ ಕಣ್ಣು ಕೆಂಪಗಿದೆ, ಯಾರು ವಾಸನೆ ಮುಚ್ಚಲು ಪೆಪ್ಪರ್‌ಮಿಂಟ್ ಅಗಿಯುತ್ತಿದ್ದಾರೆ, ಎಲ್ಲವೂ ಅಲ್ಲಿಂದ ಕಾಣುತ್ತದೆ. ನೋಟ್‌ಬುಕ್ ಹಿಡಿದು ಬಂದ ನನ್ನನ್ನೂ ಮೇಲಿಂದ ಕೆಳಗೆ ನೋಡಿ, "ನೀವು ಕುಡಿಯೋರಾ, ಬರೆಯೋರಾ?" ಎನ್ನುತ್ತಾರೆ. ಬರೆಯುವವನು ಎಂದರೆ ಹುಬ್ಬು ಇನ್ನಷ್ಟು ಗಂಟಾಗುತ್ತದೆ. ಇಲ್ಲಿ ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ, ಕೇಳುವಂತೆಯೂ ಇಲ್ಲ.

ಕುಡಿತ ಬಿಟ್ಟವರು, ಬಿಡಲು ಹೆಣಗುತ್ತಿರುವವರು ಸೇರುವ ಸಭೆ ಇದು. ನಮ್ಮೂರು ಕೋಲ್ಟನ್ ಫೋರ್ಕ್‌ನಲ್ಲಿ ಇಷ್ಟು ಬೆಳಿಗ್ಗೆ ನಡೆಯುವುದು ಇದೊಂದೇ ಆದ್ದರಿಂದ, ಕೋಳಿ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿದವರೆಲ್ಲ ಇಲ್ಲಿಗೇ ಬರುತ್ತಾರೆ. ಅವರಲ್ಲಿ ಅರ್ಧ ಮಂದಿ ಬರುವುದು ನ್ಯಾಯಾಧೀಶರ ಅಪ್ಪಣೆಗೆ. ಜೈಲು ತಪ್ಪಿಸಿ ಪ್ರೊಬೇಷನ್ ಮೇಲೆ ಹೊರಗೆ ಬಿಟ್ಟಿದ್ದಾರೆ, ಅದು ಉಳಿಯಬೇಕಾದರೆ ತಪ್ಪದೆ ಸಭೆಗೆ ಬರಬೇಕು, ಬಂದದ್ದಕ್ಕೆ ಚೀಟಿಯ ಮೇಲೆ ಸಹಿ ಬೇಕು. ಮನಸ್ಸಿನಿಂದ ಬಂದವರಿಗೆ ಈ ಚೀಟಿಯವರನ್ನು ಕಂಡರೆ ಆಗದು. ಚೀಟಿಯವರಿಗೆ ಯಾರ ಮೇಲೂ ನಂಬಿಕೆಯಿಲ್ಲ. ಹೆಸರು ಬಯಲಾದೀತೆಂದು ಸದಸ್ಯರು ಹಿಂದೆ ಸರಿದದ್ದರಿಂದ ಸಹಿಯ ಕೆಲಸ ಚರ್ಚಿನ ಆಳು ಡೆಲ್ಬರ್ಟ್ ತಲೆಗೆ ಕಟ್ಟಲಾಗಿದೆ. ಚರ್ಚು ಸಂಬಳ ಕೊಡುವುದು ಗುಡಿಸಿ ಒರೆಸುವುದಕ್ಕೆ. ಸಹಿಗೆ ಸಿಗುವುದು ಬೈಗುಳವಷ್ಟೇ.

ಅವರ ಪದ್ಧತಿ ಕಟ್ಟುನಿಟ್ಟು. ಚೀಟಿಗಳನ್ನು ಶುರುವಿನಲ್ಲೇ ಬುಟ್ಟಿಗೆ ಹಾಕಬೇಕು. ಕೊನೆಗೆ ಎಲ್ಲರೂ ಕೈ ಕೈ ಹಿಡಿದು ಪ್ರಾರ್ಥಿಸಿದ ಮೇಲೆಯೇ ಸಹಿ. "ಮುಂಚೆ ಹಾಕ್ಕೊಟ್ರೆ ಕಾಫಿ ಕುಡ್ದು ಜಾಗ ಖಾಲಿ ಮಾಡ್ತಾರೆ. ಜಡ್ಜ್‌ಗೆ ಟೋಪಿ ಹಾಕೋರು ಹಾಕ್ಲಿ, ನನ್ ಹೆಸ್ರಲ್ಲಿ ಬೇಡ" ಎನ್ನುತ್ತಾರೆ.

ಊರಲ್ಲಿ ಮಾತು ಬೇರೆಯೇ ಇದೆ. ಒಂದು ಪ್ಯಾಕ್ ಸಿಗರೇಟು ಕೊಟ್ಟರೆ ಡೆಲ್ಬರ್ಟ್ ಯಾರಿಗೆ ಬೇಕಾದರೂ ಸಹಿ ಹಾಕುತ್ತಾನಂತೆ. ಸುಳ್ಳೇಕೆ, ನನಗೂ ಆ ಗುಮಾನಿ ಇದೆ. ಕುಡಿಯದ ಮನುಷ್ಯನಿಗೆ ಈ ಜನರ ಮೇಲೆ ಇಷ್ಟೊಂದು ಅಕ್ಕರೆ ಏಕೆ?

ಒಂದು ಮಂಗಳವಾರ ಈ ಗುಮಾನಿ ಗಟ್ಟಿಯಾಗುತ್ತದೆ. ಮಾರ್ಲಿಸ್ ಎಂಬ ಹೆಂಗಸು ಬುಟ್ಟಿಗೆ ಚೀಟಿ ಹಾಕಿ ಕೂರುತ್ತಾಳೆ. ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದವಳು, ಮನೆಯಲ್ಲಿ ಪುಟ್ಟ ಮಗನಿದ್ದಾನೆ. ಸಭೆ ಶುರುವಾದ ಸ್ವಲ್ಪದರಲ್ಲೇ ಎದ್ದು ಹಿಂಬಾಗಿಲಿನಿಂದ ಹೊರಟುಹೋಗುತ್ತಾಳೆ. ಡೆಲ್ಬರ್ಟ್ ಕೂಡ ಮಾಯ. ಕಾಫಿ ಮುಗಿದರೂ ಕೇಳುವವರಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಡೆಲ್ಬರ್ಟ್ ಒಳಗೆ ಬಂದು, ಬುಟ್ಟಿಯಿಂದ ಎಲ್ಲರ ಚೀಟಿ ತೆಗೆದು ಸಹಿ ಹಾಕುತ್ತಾರೆ, ಮಾರ್ಲಿಸಳದ್ದಕ್ಕೂ. ಯಾರ ಕೈಯನ್ನೂ ಹಿಡಿಯದವಳಿಗೆ ಸಹಿ! ಅವಳು ಇರಲಿಲ್ಲವೆಂದು ಗಮನಿಸಿದವನು ನಾನೊಬ್ಬನೇ ಅಲ್ಲ. ಸಭೆಯ ನಡುವೆ ಪ್ರೊಬೇಷನ್ ಅಧಿಕಾರಿ ಪೆಟಿಟ್ ಬಾಗಿಲಲ್ಲಿ ಇಣುಕಿ, ಅವಳ ಖಾಲಿ ಕುರ್ಚಿ ನೋಡಿಕೊಂಡು ಹೋಗಿದ್ದಾರೆ.

ಪೆಟಿಟ್ ದೂರಿನ ಮೇಲೆ ಶುಕ್ರವಾರ ಕೋರ್ಟಿನಲ್ಲಿ ವಿಚಾರಣೆ. ಸಹಿ ಸುಳ್ಳೆಂದು ತೀರ್ಮಾನವಾದರೆ ಮಾರ್ಲಿಸ್ ಜೈಲಿಗೆ, ಮಗ ಸಾಕುಮನೆಗೆ. ಚರ್ಚಿನ ಹೆಸರು ಎಳೆದು ತಂದರೆಂದು ಸಿಟ್ಟಾದ, ಚರ್ಚಿನ ಆಡಳಿತ ನೋಡಿಕೊಳ್ಳುವ ಹಿರಿಯ ಟೀಗ್ ಮುಂದಿನ ಬೆಂಚಿನಲ್ಲೇ ಕೂತಿದ್ದಾರೆ. ಡೆಲ್ಬರ್ಟ್‌ಗೆ ಕೆಲಸ ಕೊಟ್ಟವರು ಅವರೇ. ಕುಡಿತದ ಚಟ ಇದ್ದವರ ಕೈಗೆ ಚರ್ಚಿನ ಕೀಲಿ ಎಂದಿಗೂ ಕೊಡುವುದಿಲ್ಲ ಎಂಬುದು ಅವರ ನಿಯಮ. ಡೆಲ್ಬರ್ಟ್‌ರನ್ನೂ ಚಟ ಇತ್ತೇ ಎಂದು ಕೇಳಿ, ಇಲ್ಲ ಎಂದ ಮೇಲೆಯೇ ಸೇರಿಸಿಕೊಂಡಿದ್ದರಂತೆ.

ನ್ಯಾಯಾಧೀಶೆ ನೇರವಾಗಿ ಕೇಳುತ್ತಾರೆ, ಅವಳು ಕುರ್ಚಿಯಲ್ಲಿ ಇದ್ದಳೇ?

"ಇರ್ಲಿಲ್ಲ ಮೇಡಂ. ಹಿಂದಿನ ಮೆಟ್ಟಿಲ ಮೇಲೆ ಇದ್ಲು. ಜೊತೆಗೆ ನಾನಿದ್ದೆ."

ಎದ್ದುಹೋದವಳು ನೇರ ಹೆಂಡದಂಗಡಿಗೇ ಹೋಗುವವಳಿದ್ದಳು, ಮುಖ ನೋಡಿಯೇ ಗೊತ್ತಾಯಿತು ಎನ್ನುತ್ತಾರೆ. ತಡೆದು ಕೂರಿಸಿ, ಸಭೆ ಮುಗಿಯುವ ತನಕ ಆ ಚಳಿಯಲ್ಲೇ ಅವಳೊಡನೆ ಮಾತಾಡಿದರಂತೆ. ಪೆಟಿಟ್ ನಗುತ್ತಾರೆ. ಗುಡಿಸುವವನ ಜೊತೆ ಹರಟೆ ಹೊಡೆದರೆ ಅದನ್ನು ಸಭೆ ಎನ್ನಲಾದೀತೇ ಎಂಬುದು ಅವರ ವಾದ. ನನಗೂ ಅದು ಸರಿಯೆನಿಸುತ್ತದೆ.

"ಇಬ್ರು ಕುಡುಕ್ರು, ಇವತ್ತು ಕುಡಿಯೋದು ಬೇಡ ಅಂತ ಕೂತು ಮಾತಾಡಿದ್ರೆ ಅದೂ ಸಭೆನೇ. ಈ ಸಭೆಗಳಲ್ಲಿ ಮೊದ್ಲಿಂದ್ಲೂ ಹಾಗೇ ನಡ್ಕೊಂಡ್ ಬಂದಿದೆ" ಎನ್ನುತ್ತಾರೆ ಡೆಲ್ಬರ್ಟ್.

"ಇಬ್ಬರು ಅಂದ್ರಿ. ಒಬ್ಬಳು ಈಕೆ. ಇನ್ನೊಬ್ಬರು ಯಾರು?" ಎನ್ನುತ್ತಾರೆ ನ್ಯಾಯಾಧೀಶೆ.

ಡೆಲ್ಬರ್ಟ್ ನ್ಯಾಯಾಧೀಶೆಯನ್ನು ನೋಡುವುದಿಲ್ಲ, ಟೀಗ್ ಅವರನ್ನು ನೋಡುತ್ತಾರೆ. ಆಮೇಲೆ ತಮ್ಮ ಪೂರ್ತಿ ಹೆಸರು ಹೇಳುತ್ತಾರೆ. ಅದನ್ನು ನಾನಿಲ್ಲಿ ಬರೆಯುವುದಿಲ್ಲ. "ನಾನೇ ಮೇಡಂ. ನಾನೂ ಕುಡುಕನೇ. ಬಿಟ್ಟು ಬಾಳಾ ವರ್ಷ ಆಯ್ತು. ಒಳಗೆ ಕೂತು ಹೇಳೋಕೆ ಧೈರ್ಯ ಇರ್ಲಿಲ್ಲ, ಬಾಗ್ಲಲ್ಲೇ ನಿಂತ್ಕೊಂಡು ಕೇಳಿಸ್ಕೊತಿದ್ದೆ."

ನ್ಯಾಯಾಧೀಶೆ ಅದನ್ನೂ ಸಭೆಯೆಂದು ಒಪ್ಪುತ್ತಾರೆ, ಮಾರ್ಲಿಸಳ ಪ್ರೊಬೇಷನ್ ಉಳಿಯುತ್ತದೆ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾಳೆ. ಟೀಗ್ ಎದ್ದು ಬಂದು ಕೈ ಚಾಚುತ್ತಾರೆ. ಡೆಲ್ಬರ್ಟ್ ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಆ ಕೈಗೆ ಹಾಕುತ್ತಾರೆ. ನೋಡುತ್ತ ನಿಂತ ನನ್ನ ಹಾಳು ಅನುಮಾನ ಆಗಲೂ ಪೂರ್ತಿ ಸಾಯುವುದಿಲ್ಲ. ಹೊರಗೆ ಬಂದಾಗ ಕೇಳಿಯೇಬಿಡುತ್ತೇನೆ, ಮೆಟ್ಟಿಲ ಮೇಲೆ ಕೂತಿದ್ದು ನಿಜವೇ, ಇಲ್ಲ ಅವಳನ್ನು ಉಳಿಸಲು ಕಟ್ಟಿದ ಕಥೆಯೇ?

ಡೆಲ್ಬರ್ಟ್ ಟೋಪಿ ಎಳೆದುಕೊಂಡು ನಿಧಾನವಾಗಿ ಹೇಳುತ್ತಾರೆ: "ಸುಳ್ಳು ಹೇಳೋದಾಗಿದ್ರೆ, ಅವ್ಳು ಟಾಯ್ಲೆಟ್‌ಗೆ ಹೋಗಿದ್ಲು ಅಂತಿದ್ದೆ. ಯಾರೂ ಎದ್ದು ಹೋಗಿ ನೋಡಿರ್ಲಿಲ್ಲ. ನನ್ ಕೆಲ್ಸನೂ ಉಳೀತಿತ್ತು."