ಕೊಲ್ಲಿಯ ನಡುವೆ ರೊಟ್ಟಿ

ಹೈದರಾಬಾದಿನ ಮಾಧಾಪುರದಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕ ಹೊಸತರಲ್ಲಿ ಅವ್ವನನ್ನು ಥಾಯ್ಲೆಂಡಿನ ಒಂದು ದ್ವೀಪಕ್ಕೆ ಕರೆದೊಯ್ದಿದ್ದೆ. ಆ ಊರಿನವರಾದ ನಮಗಿಬ್ಬರಿಗೂ ನೀರೆಂದರೆ ಅಲ್ಲಿನ ಹುಸೇನ್ ಸಾಗರ ಕೆರೆ, ಈಜು ಬಾರದು. ಬೆಳಿಗ್ಗೆ ಬಂದರಿನ ಪಕ್ಕದ ಕೊಲ್ಲಿಯಲ್ಲಿ ನೀರು ಹಿಂದೆ ಸರಿದು ಬರೀ ಮರಳು ಕಾಣುತ್ತಿತ್ತು. ಅವ್ವ ಸೀರೆ ಎತ್ತಿಕಟ್ಟಿ ದೂರದ ಬಂಡೆಯ ತನಕ ನಡೆದು, ರೊಟ್ಟಿಯ ಡಬ್ಬಿ ತೆರೆದು ಕುಳಿತಳು.

"ಕೆರಿ ಬತ್ತೇತಿ, ಇಲ್ಲೇ ಬಾ! ಗಾಳಿ ಭಾಳ ಛಲೋ ಐತಿ" ಎಂದು ಕೂಗಿದಳು.

ನಾನು ಹಡಗಿನ ಟಿಕೆಟ್ ತರಲು ಪೇಟೆಗೆ ಹೋಗಿ, ಅಂಗಡಿಗಳನ್ನು ನೋಡುತ್ತಾ ಎರಡು ತಾಸು ಕಳೆದೆ. ಹಿಂದೆ ಸರಿದ ಸಮುದ್ರ ಉಬ್ಬರಕ್ಕೆ ತಿರುಗಿ ಬರುತ್ತದೆಂದು ನಮಗೆ ಗೊತ್ತಿರಲಿಲ್ಲ; ಮರಳಿ ಬಂದಾಗ ಮರಳೇ ಇರಲಿಲ್ಲ. ಬಂಡೆಯ ಸುತ್ತ ನೀರು, ಮೇಲೆ ನಿಂತ ಅವ್ವ. ಸೊಂಟದವರೆಗೆ ಇಳಿದೆ, ಮುಂದಿನ ಹೆಜ್ಜೆಗೆ ನೆಲ ಸಿಗಲಿಲ್ಲ. ಯಾರೋ ದೋಣಿಯವನು ನನ್ನ ತೋಳು ಹಿಡಿದು ಒಳಗೆಳೆದುಕೊಂಡು, ಅವ್ವನತ್ತ ಹುಟ್ಟು ಹಾಕಿದ. ನಾವು ಮುಟ್ಟುವಷ್ಟರಲ್ಲಿ ನೀರು ಅವಳ ಮೊಣಕಾಲಿಗೆ ಬಂದಿತ್ತು, ಡಬ್ಬಿ ತಲೆಯ ಮೇಲಿತ್ತು.

"ನೀ ಯಾಕ ತೋಯಿಸ್ಕೊಂಡಿ, ಹುಚ್ಚಿ? ರೊಟ್ಟಿ ನೋಡು, ಒಣಗೇ ಅದಾವ" ಎಂದಳು. ದೋಣಿಯವನಿಗೂ ಒಂದು ಕೊಟ್ಟಳು. ಅದರೊಳಗಿನ ಶೇಂಗಾ ಹಿಂಡಿ ಚಟ್ನಿಯ ಖಾರಕ್ಕೆ ಅವನು ಕೆಮ್ಮಿದ.

ಅವ್ವ ಈಗಲೂ ಎಲ್ಲರಿಗೂ ಅಲ್ಲಿನ ಗಾಳಿಯ ಸುದ್ದಿಯನ್ನಷ್ಟೇ ಹೇಳುತ್ತಾಳೆ. ನಾನು ಮಾತ್ರ ಆಫೀಸಿನ ಕ್ಯಾಬ್ ಹುಸೇನ್ ಸಾಗರ ದಾಟುವಾಗಲೆಲ್ಲ, ನೀರು ನಿನ್ನೆಯ ಜಾಗದಲ್ಲೇ ಇದೆಯೇ ಎಂದು ನೋಡಿಕೊಳ್ಳುತ್ತೇನೆ.