ಒಂದೇ ಹೆಸರಿನ ಎರಡು ಕಂಪ್ಯೂಟರ್, ನಮ್ಮ ಮೇಸ್ತ್ರಿಗಳು ಮತ್ತು ನಾನು

ಮೇಸ್ತ್ರಿಗಳು ಕೀಬೋರ್ಡನ್ನು ಒಂದೇ ಬೆರಳಿನಲ್ಲಿ ಒತ್ತುತ್ತಿದ್ದರು. ಬಲಗೈಯ ತೋರುಬೆರಳು, ಕಿಡಿ ಸಿಡಿದು ಸಿಡಿದು ತುದಿಯೆಲ್ಲ ಕಪ್ಪು ಚುಕ್ಕೆ. ಹೆಂಚು ಕಾದಿದೆಯೇ ಎಂದು ಮುಟ್ಟಿ ನೋಡುವವರ ಹಾಗೆ ಒಂದಕ್ಷರ ಮುಟ್ಟಿ, ಪರದೆ ನೋಡಿ, ಮತ್ತೆ ಕೆಳಗೆ ನೋಡಿ ಇನ್ನೊಂದಕ್ಷರ ಹುಡುಕುವರು. ಪಕ್ಕದಲ್ಲಿ ನಿಂತ ನನಗೆ ಅವರ ಕೈ ಸರಿಸಿ ನಾನೇ ಟೈಪ್ ಮಾಡಿಬಿಡೋಣ ಅನ್ನಿಸುತ್ತಿತ್ತು. ನನ್ನ ಸ್ವಭಾವವೇ ಹಾಗೆ. ಕುಕ್ಕರ್ ಮೂರನೆಯ ಸೀಟಿ ಹೊಡೆಯುವವರೆಗೆ ಕಾಯಲಾರದೆ ಎರಡಕ್ಕೇ ಇಳಿಸಿ, ಗಟ್ಟಿ ಬೇಳೆಯನ್ನೇ ಮನೆಯವರಿಗೆ ಬಡಿಸಿದವಳು ನಾನು.

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ರಕ್ತ ಪರೀಕ್ಷೆಯ ಲ್ಯಾಬ್ ಇದೆ. ಅಲ್ಲಿಯ ಕಂಪ್ಯೂಟರು, ಪ್ರಿಂಟರು, ವೈರು ಎಲ್ಲಕ್ಕೂ ಅವರೇ ದಿಕ್ಕು. ಭದ್ರಾವತಿ ಕಡೆಯ ಒಂದು ಖಾಸಗಿ ಫೌಂಡ್ರಿಯಲ್ಲಿ ಎಲೆಕ್ಟ್ರಿಕ್ ಮೇಸ್ತ್ರಿಯಾಗಿದ್ದರು. ಅದು ಮುಚ್ಚಿದ ಮೇಲೆ ಮಗಳ ಡಿಪ್ಲೊಮಾ ಪುಸ್ತಕಗಳನ್ನು ಓದಿ ನೆಟ್‌ವರ್ಕ್ ಕೆಲಸ ಕಲಿತರು. ಭದ್ರಾವತಿಯ ನ್ಯೂ ಟೌನಿನ ಮನೆಯಿಂದ ಸ್ಕೂಟರಿನಲ್ಲಿ ಬರುವರು, ಮೂವತ್ತರ ಮೇಲೆ ಮುಳ್ಳು ಏರಿಸುವವರಲ್ಲ. ದಾರಿಯ ಮಲವಗೊಪ್ಪದಲ್ಲಿ ಟೀ ಕುಡಿಯದೆ ಮುಂದೆ ಬಂದದ್ದೂ ಇಲ್ಲ. ನಾನು ಮೂರನೆಯ ಸಲ ಫೋನ್ ಮಾಡಿ ಕೂಗಾಡಿದರೆ, "ಲೋಟ ಕೈಯಲ್ಲೈತೆ ಮೇಡಮ್ಮ, ಬಿಸಿ ಐತೆ. ಆರಿದ್ಮೇಲೆ ಕುಡ್ದು ಬರ್ತೀನಿ" ಅನ್ನುವರು.

ಅವರದೊಂದು ಪದ್ಧತಿಯಿತ್ತು. ಯಾವ ಯಂತ್ರ ಮುಟ್ಟುವ ಮೊದಲೂ ಅದನ್ನು ಆರಿಸಿ, ಸ್ವಿಚ್ಚಿಗೆ ಒಂದು ರಟ್ಟಿನ ಚೀಟಿ ಕಟ್ಟುವರು. ಸ್ವೀಟಿನ ಡಬ್ಬಿಯಿಂದ ಕತ್ತರಿಸಿದ ರಟ್ಟು, ಅದರ ಮೇಲೆ ಅವರ ಹೆಸರು ಮತ್ತು 'ಕೆಲಸ ನಡೆದಿದೆ' ಎಂಬ ಎರಡು ಪದ. ಫೌಂಡ್ರಿಯಲ್ಲಿ ಹಾಗೆಯೇ ಅಂತೆ. ಚೀಟಿ ಕಟ್ಟಿದವನೇ ಬಂದು ಬಿಚ್ಚಬೇಕು, ಮಾಲೀಕನಾದರೂ ಮುಟ್ಟುವಂತಿಲ್ಲ. "ಕಂಪ್ಯೂಟರ್ ಏನು ಕೈ ಕಚ್ಚುತ್ತಾ ಮೇಸ್ತ್ರಿಗಳೇ?" ಎಂದು ನಾನು ಗೇಲಿ ಮಾಡಿದರೆ, ಕಿವಿಯೇ ಕೇಳದವರ ಹಾಗೆ ದಾರಕ್ಕೆ ಇನ್ನೊಂದು ಗಂಟು ಹಾಕುವರು.

ಆರು ವರ್ಷದ ಹಿಂದೆ ಲ್ಯಾಬಿಗೆ ಮೂರನೆಯ ಕಂಪ್ಯೂಟರ್ ತಂದೆ. ಒಂದು ಮುಂದಿನ ಕೌಂಟರಿನಲ್ಲಿ, ಒಂದು ಒಳಗೆ ರಕ್ತ ಪರೀಕ್ಷಿಸುವ ಯಂತ್ರದ ಜೊತೆಗೆ, ಹೊಸದು ಪ್ರಿಂಟರ್ ಕೋಣೆಯಲ್ಲಿ. ಮಾರಿದ ಅಂಗಡಿಯವನು ಕೆಲಸ ಉಳಿಸಿಕೊಳ್ಳಲು ಒಳಗಿನದರ ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ಹೊಸದಕ್ಕೆ ನಕಲು ಮಾಡಿಕೊಟ್ಟಿದ್ದ. ಹಾಗಾಗಿ ಎರಡಕ್ಕೂ ಒಂದೇ ಹೆಸರು, ಒಳಗಿನ ಕಡತಗಳೂ ಅವೇ. ಮರುದಿನದಿಂದ ಶುರುವಾಯಿತು ಗೋಳು. ಎರಡನೆಯದನ್ನು ಹಾಕಿದ ಕೂಡಲೇ 'ಈ ಹೆಸರಿನ ಕಂಪ್ಯೂಟರ್ ಈಗಾಗಲೇ ನೆಟ್‌ವರ್ಕಿನಲ್ಲಿದೆ' ಎಂದು ಪರದೆಯ ಮೇಲೆ ಸಂದೇಶ ಬರುವುದು, ಪ್ರಿಂಟರ್ ಮುನಿಸಿಕೊಂಡು ಕೂರುವುದು. ಕೌಂಟರಿನಲ್ಲಿ ಜನ, ನನ್ನ ಬಾಯಲ್ಲಿ ಬೈಗುಳ.

"ಹೆಸರು ಬದಲಾಯಿಸಿ ಬಿಸಾಕಿ ಮೇಸ್ತ್ರಿಗಳೇ, ಎರಡು ನಿಮಿಷದ ಕೆಲಸ" ಎಂದೆ.

"ಬದಲಾಯ್ಸೋದು ಎರಡೇ ನಿಮಿಷ. ಹಳೇ ಹೆಸರು ಹಿಡ್ಕೊಂಡು ಯಾರ್ಯಾರು ಕರೀತಾವ್ರೆ ಅಂತ ನೋಡೋಕೆ ಒಂದು ಗಂಟೆ ಬೇಕು. ಮೂರೂ ಆಫ್ ಮಾಡ್ತೀನಿ. ಒಂದೊಂದೇ ಹಾಕಿ, ಯಾವ್ದು ಯಾವ್ದನ್ನ ಕರೀತದೆ ಅಂತ ಬರ್ಕೋತೀನಿ. ಒಂದು ಗಂಟೆ ಸುಮ್ನಿರಿ ಮೇಡಮ್ಮ."

ಒಂದು ಗಂಟೆ ಸುಮ್ಮನಿರುವುದು! ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅವರು ಮೂರೂ ಸ್ವಿಚ್ಚಿಗೆ ಚೀಟಿ ಕಟ್ಟಿದರು. ಕೇಬಲ್ಲಿನ ಒಂದು ತುದಿ ಮುರಿದಿದೆ, ತರುತ್ತೇನೆ ಎಂದು ಅಂಗಡಿಗೆ ಹೊರಟರು. ನಾನು ಬಾಗಿಲಿಗೂ ಗಡಿಯಾರಕ್ಕೂ ನಡುವೆ ಓಡಾಡುತ್ತಿದ್ದೆ.

ಆಗ ನರ್ಸಿಂಗ್ ಹೋಮಿನ ಡಾಕ್ಟರು ಫೋನ್ ಮಾಡಿದರು. ಚೊಚ್ಚಲ ಬಸುರಿ, ಎರಡು ಗಂಟೆಗೆ ಸಿಸೇರಿಯನ್, ಬೆಳಿಗ್ಗೆ ಕಳಿಸಿದ ರಕ್ತದ ರಿಪೋರ್ಟ್ ಹತ್ತು ನಿಮಿಷದಲ್ಲಿ ಬೇಕು. ಹುಡುಗಿಯ ಅಣ್ಣ ಆಗಲೇ ಕೌಂಟರಿನ ಮುಂದೆ ನಿಂತಿದ್ದ. ಪರೀಕ್ಷೆ ಬೆಳಿಗ್ಗೆಯೇ ಮುಗಿದಿತ್ತು, ಅಚ್ಚು ಹಾಕುವುದಷ್ಟೇ ಬಾಕಿ. ಮೇಸ್ತ್ರಿಗಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕೌಂಟರಿನ ಚೀಟಿ ಬಿಚ್ಚಿದೆ, ಪ್ರಿಂಟರ್ ಕೋಣೆಯದನ್ನೂ ಬಿಚ್ಚಿದೆ, ಅಚ್ಚಿಗೆ ಅವೆರಡು ಸಾಕಲ್ಲ. ಎರಡನ್ನೂ ಹಾಕಿದೆ. ಆ ದರಿದ್ರ ಸಂದೇಶ ಬರಲೇ ಇಲ್ಲ. ಇದಕ್ಕೆ ಒಂದು ಗಂಟೆ ಬೇಕಂತೆ ಎಂದು ಬೀಗಿದೆ. ಹುಡುಗಿಯ ಹೆಸರು ಟೈಪ್ ಮಾಡಿ, ಅವಳ ಸ್ಯಾಂಪಲ್ ನಂಬರು ಹದಿನೇಳು ಒತ್ತಿದೆ. ಹಿಮೋಗ್ಲೋಬಿನ್ ಹನ್ನೊಂದೂವರೆ ಎಂದು ಬಂತು. ಸಹಿ ಹಾಕಿ ಕೊಟ್ಟೆ, ಅಣ್ಣ ಓಡಿದ.

ಹಿಂದೆಯೇ ಮೇಸ್ತ್ರಿಗಳು ಬಂದರು. ಮೇಜಿನ ಮೇಲಿದ್ದ ಎರಡು ಚೀಟಿ ನೋಡಿದರು.

"ಯಾರು ಬಿಚ್ಚಿದ್ದು?"

"ನಾನೇ. ಏನೀಗ? ಅರ್ಜೆಂಟ್ ರಿಪೋರ್ಟ್ ಇತ್ತು, ಕೊಟ್ಟೆ. ನಿಮ್ಮ ಎರರ್ ಕೂಡ ಬರ್ಲಿಲ್ಲ."

"ಎರರ್ ಬರ್ಲಿಲ್ವಾ?" ಅವರು ಒಳಗೆ ಬಗ್ಗಿ ನೋಡಿದರು. "ಒಳಗಿಂದು ಆಫೇ ಐತಲ್ಲ ಮೇಡಮ್ಮ. ಹಂಗಾರೆ ನೀವು ಹದಿನೇಳು ಅಂದಾಗ ಓ ಅಂದಿದ್ದು ಯಾವ್ದು?"

ನಮ್ಮಲ್ಲಿ ಸ್ಯಾಂಪಲ್ ನಂಬರು ದಿನವೂ ಒಂದರಿಂದ ಶುರುವಾಗುತ್ತದೆ. ಅಂದಿನ ಫಲಿತಾಂಶ ಇದ್ದದ್ದು ಒಳಗಿನ ಕಂಪ್ಯೂಟರಿನಲ್ಲಿ, ಅದು ಮಲಗಿತ್ತು. ಅದೇ ಹೆಸರಿನ ಹೊಸದು ಎದ್ದಿತ್ತು. ಕೌಂಟರಿನಿಂದ ಕೇಳಿದ್ದಕ್ಕೆ ಅದು ತನ್ನೊಳಗೆ ನಕಲಾಗಿ ಬಂದಿದ್ದ, ಯಾವತ್ತಿನದೋ, ಯಾರದೋ ಹದಿನೇಳನ್ನು ಕೊಟ್ಟಿತ್ತು. ಎರಡೂ ಎದ್ದಿದ್ದರೆ ಸಂದೇಶ ಬರುತ್ತಿತ್ತು, ಪ್ರಿಂಟರ್ ನಿಲ್ಲುತ್ತಿತ್ತು, ನಾನು ಬೈದುಕೊಂಡು ಕಾಯುತ್ತಿದ್ದೆ. ಮೇಸ್ತ್ರಿಗಳು ಒಳಗಿನದನ್ನು ಮಾತ್ರ ಹಾಕಿ, ಪ್ರಿಂಟರನ್ನು ಅದಕ್ಕೇ ಜೋಡಿಸಿ ಅಂದಿನ ಹದಿನೇಳನ್ನು ತೆಗೆದರು. ಹುಡುಗಿಯ ಹಿಮೋಗ್ಲೋಬಿನ್ ಆರೂವರೆ. ರಕ್ತ ಸಿದ್ಧವಿಲ್ಲದೆ ಕತ್ತರಿ ಇಟ್ಟರೆ ಅವಳು ಉಳಿಯುವುದು ಅನುಮಾನ.

ಡಾಕ್ಟರು ಫೋನ್ ಎತ್ತಲಿಲ್ಲ. ಮೇಸ್ತ್ರಿಗಳು ಸ್ಕೂಟರ್ ತೆಗೆದರು. ಮೂವತ್ತರ ಮೇಲೆ ಮುಳ್ಳು ಏರಿಸದ ಮನುಷ್ಯ ಅವತ್ತು ಹಾರನ್ ಮೇಲಿಂದ ಬೆರಳು ತೆಗೆಯಲಿಲ್ಲ. ಸಿಗ್ನಲ್ಲಿನಲ್ಲಿ ಯಾರೋ ಬೈದರು, ನಾನು ಹಿಂದೆ ಕೂತು ಸರಿಯಾದ ರಿಪೋರ್ಟನ್ನು ಎದೆಗೆ ಒತ್ತಿ ಹಿಡಿದಿದ್ದೆ. ಹೋದಾಗ ಹುಡುಗಿಯನ್ನು ಸ್ಟ್ರೆಚರಿಗೆ ಹಾಕುತ್ತಿದ್ದರು. ಡಾಕ್ಟರು ಎರಡೂ ಕಾಗದ ನೋಡಿ, "ಏನ್ರೀ ಇದು!" ಎಂದು ಕಿರುಚಿದರು.

ನಾನು ಬಾಯಿ ತೆರೆದೆ. "ಸಾರ್, ನೆಟ್‌ವರ್ಕ್ ರಿಪೇರಿ ನಡೀತಿತ್ತು. ಮೇಸ್ತ್ರಿಗಳ ಕೆಲಸದಲ್ಲಿ ಏನೋ ಹೆಚ್ಚುಕಡಿಮೆ ಆಗಿ..."

ಈ ಮಾತು ನಾನು ಆಡಿದ್ದು. ಯಾರೂ ನನ್ನ ಬಾಯಿಗೆ ತುರುಕಿದ್ದಲ್ಲ.

ಡಾಕ್ಟರು ಅವರ ಕಡೆ ತಿರುಗಿದರು. "ನಮ್ಮ ಕಂಪ್ಯೂಟರೂ ನೋಡೋದು ಈ ಮನುಷ್ಯನೇ ಅಲ್ವಾ? ನಾಳೆಯಿಂದ ಈ ಕಡೆ ಬರೋದು ಬೇಡ."

ಮೇಸ್ತ್ರಿಗಳು ನನ್ನನ್ನೊಮ್ಮೆ ನೋಡಿದರು. "ಮೊದ್ಲು ರಕ್ತ ತರ್ಸಿ ಸಾರ್" ಎಂದರು.

ರಕ್ತ ಬಂತು, ಸಂಜೆ ಆಪರೇಷನ್ ಆಯಿತು, ತಾಯಿ ಮಗು ಇಬ್ಬರೂ ಉಳಿದರು. ಅಲ್ಲಿಯವರೆಗೂ ನಾವು ಎದುರಿನ ಟೀ ಅಂಗಡಿಯಲ್ಲೇ ಕೂತಿದ್ದೆವು. ಅಳು ತಡೆಯಲಾಗದೆ, "ನೀವ್ಯಾಕೆ ಸುಮ್ಮನಿದ್ರಿ?" ಎಂದು ಅವರ ಮೇಲೇ ರೇಗಿದೆ.

ಅವರು ಟೀ ಆರಿಸಿಕೊಳ್ಳುತ್ತ ಹೇಳಿದರು. "ಫೌಂಡ್ರೀಲಿ ನನ್ನ ಜೊತೆಗಾರ ಮಿಷನ್ ಒಳಗೆ ಕೈ ಹಾಕಿದ್ದ. ಚೀಟಿ ಅವನ್ದು. ಕೆಲಸ ನಿಂತೋಗೈತೆ ಅಂತ ಅವಸರಕ್ಕೆ ನಾನು ಬಿಚ್ಚಿ ಸ್ವಿಚ್ ಹಾಕ್ದೆ. ಬಲಗೈ ಹೋಯ್ತು ಅವನ್ದು. ಚೀಟಿ ತಾನೇ ಬಿದ್ದೋಗಿತ್ತು ಅಂತ ಸುಳ್ಳು ಹೇಳ್ದೆ, ಎಲ್ರೂ ನಂಬಿದ್ರು. ಅವನೂ ನಂಬಿದ. ನಿಜ ಹೇಳೋಕೆ ಮೂರು ವರ್ಷ ಹಿಡೀತು ನಂಗೆ." ಲೋಟ ಕೆಳಗಿಟ್ಟು, "ನೀವೂ ಡಾಕ್ಟ್ರಿಗೆ ಹೇಳಿ ಮೇಡಮ್ಮ. ನಾನು ಹೇಳಿದ್ರೆ ಆಗಲ್ಲ" ಎಂದರು.

ಹೇಳುತ್ತೇನೆ ಎಂದೆ. ಎಲ್ಲದರಲ್ಲೂ ದಡಬಡ ಮಾಡುವ ನಾನು ಇದೊಂದರಲ್ಲಿ ಮಾತ್ರ ನಿಧಾನಿಸಿದೆ. ಲ್ಯಾಬಿನ ಹೆಸರು ಕೆಡುತ್ತದೆ ಎಂಬ ಭಯ. ಮುಂದಿನ ವಾರ ಹೇಳೋಣ, ಹಬ್ಬ ಕಳೆಯಲಿ ಎಂದು ಮುಂದೂಡಿದೆ. ಅಷ್ಟರಲ್ಲಿ ಡಾಕ್ಟರ ಮಾತು ಹಬ್ಬಿ ಇನ್ನೆರಡು ಕ್ಲಿನಿಕ್ಕಿನವರೂ ಮೇಸ್ತ್ರಿಗಳನ್ನು ಬಿಟ್ಟರು. ಅವರು ನನ್ನಲ್ಲಿಗೆ ಮಾತ್ರ ಎಂದಿನಂತೆ ಬಂದರು, ಚೀಟಿ ಕಟ್ಟಿದರು, ಒಂದೇ ಬೆರಳಿನಲ್ಲಿ ಒತ್ತಿದರು. ಇಷ್ಟು ವರ್ಷದಲ್ಲಿ ಆ ವಿಷಯ ಮತ್ತೆ ಎತ್ತಲಿಲ್ಲ. ಒಂದು ಸಲ ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ಕಳೆದ ಮಳೆಗಾಲದ ಕೊನೆಯಲ್ಲಿ ಎದೆನೋವು ಬಂದು ಹೋಗಿಬಿಟ್ಟರು. ನ್ಯೂ ಟೌನಿನ ಮನೆಗೆ ಹೋದಾಗ ತಲೆಯ ಬಳಿ ಒಬ್ಬರು ಕೂತಿದ್ದರು. ಬಲತೋಳು ಮೊಣಕೈಗೇ ಮುಗಿದಿತ್ತು, ಗಡ್ಡ ವಾರದಿಂದ ಬೆಳೆದಿತ್ತು. "ಪ್ರತೀ ಭಾನುವಾರ ಬಂದು ಇವ್ನೇ ಷೇವ್ ಮಾಡ್ತಿದ್ದ ನಂಗೆ" ಎಂದರು. ಆಮೇಲೆ ನನ್ನನ್ನು ದಿಟ್ಟಿಸಿ, "ನೀವು ಲ್ಯಾಬಿನ ಮೇಡಮ್ಮ ಅಲ್ವಾ? ನಿಮ್ಮಲ್ಲೊಂದು ಕೆಲಸ ಬಾಕಿ ಐತೆ ಅಂತಿದ್ದ. ಏನು ಅಂತ ಕೇಳಿದ್ರೆ, ಅದು ನಂದಲ್ಲ, ಅವರ್ದು ಅಂತಿದ್ದ" ಎಂದರು.

ಅಲ್ಲಿಂದ ಮನೆಗೂ ಹೋಗದೆ ನೇರ ಡಾಕ್ಟರ ಬಳಿ ಹೋದೆ. ಚೀಟಿ ಬಿಚ್ಚಿದ್ದು ನಾನು, ಮೇಸ್ತ್ರಿಗಳು ಬಂದು ತಪ್ಪು ಹಿಡಿಯದಿದ್ದರೆ ಆ ಹುಡುಗಿ ಉಳಿಯುತ್ತಿರಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಡಾಕ್ಟರಿಗೆ ಹುಡುಗಿ ನೆನಪಿದ್ದಳು, ಆರೂವರೆಯೂ ನೆನಪಿತ್ತು. ಕನ್ನಡಕ ತೆಗೆದು ಒರೆಸುತ್ತ ಕೇಳಿದರು:

"ಯಾವ ಮೇಸ್ತ್ರಿ?"