ಖಳನಾಯಕರ ಮೇಲೂ ಕರುಣೆಯಿದ್ದ ಅಕ್ಕ

ಸಿನಿಮಾ ಹುಚ್ಚಿಗೆ ನಾನು ಗೋಡೆಯಗಲದ ಟಿವಿ ತಂದ ಮೇಲೆ, ಮೆಟ್ಟುಪಾಳ್ಯಂನ ನಮ್ಮ ಪಕ್ಕದ ಮನೆಯ ಅಕ್ಕ ಭಾನುವಾರಗಳಂದು ಗಂಡನ ಜೊತೆ ನಮ್ಮಲ್ಲಿಗೇ ಬರುತ್ತಿದ್ದರು. ತೆರೆಯ ಮೇಲೆ ಯಾರು ಏಟು ತಿಂದರೂ ಸೆರಗಿನಿಂದ ಮುಖ ಮುಚ್ಚಿಕೊಂಡು, "ಪಾವಂ, ಬಿಟ್ಟುಡಪ್ಪಾ" ಎಂದು, ಪಾಪ ಬಿಟ್ಟುಬಿಡೆಂದು, ತಮಿಳಿನಲ್ಲೇ ನಾಯಕನನ್ನು ಬೇಡುವರು. ಊರಿಗೇ ಬೆಂಕಿಯಿಟ್ಟ ಖಳನಾಯಕನಿಗೂ ಅವರ ಕರುಣೆಯಲ್ಲಿ ಪಾಲಿತ್ತು.

ಒಂದು ಸಿನಿಮಾದಲ್ಲಿ ನಾಯಕಿ, ಕುಡಿದು ಬಂದ ಗಂಡನ ಕೆನ್ನೆಗೆ ಫಟೀರನೆ ಬಾರಿಸಿದಳು.

"ಕಟ್ಕೊಂಡವನಿಗೇ ಹೊಡೀತಾಳಲ್ಲ, ಇವಳೂ ಒಂದು ಹೆಂಗಸಾ?" ಎಂದು ಅಕ್ಕನ ಗಂಡ ಗುಡುಗಿದರು.

ಅಕ್ಕ ಮುಖ ಮುಚ್ಚಿಕೊಳ್ಳಲಿಲ್ಲ. "ತಂಬಿ, ಅದನ್ನ ಇನ್ನೊಂದ್ಸಲ ಹಾಕು" ಎಂದರು. ಹಾಕಿದೆ.

"ಇನ್ನೊಂದ್ಸಲ."

ಮೂರನೆಯ ಏಟಿಗೆ ಅವರ ಗಂಡ ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದರು. ಅಕ್ಕ ಆ ಖಾಲಿ ಕುರ್ಚಿಯ ಮೇಲೆ ಎರಡೂ ಕಾಲು ನೀಡಿ, "ಈಗ ಮುಂದಕ್ಕೆ ಬಿಡು" ಎಂದರು.